ಸುಲಭ ಪದಗಳೇ ಏಕೆ ಕಷ್ಟ? ಇಂಗ್ಲಿಷ್‌ನ ಪುಟ್ಟ ಪದಗಳು ಮತ್ತು ಅವುಗಳ ನಾನಾರ್ಥ

‘ಫೋಟೋಸಿಂಥೆಸಿಸ್’ ಎಂಬ ಪದ ಮೊದಲ ಸಲ ಕೇಳಿದಾಗ ನಾಲಿಗೆ ತೊಡರುತ್ತದೆ. ಆದರೆ ಅದು ದ್ಯುತಿಸಂಶ್ಲೇಷಣೆ ಎಂದು ಒಮ್ಮೆ ತಿಳಿದುಕೊಂಡರೆ ಕೆಲಸ ಮುಗಿಯಿತು; ಪಠ್ಯಪುಸ್ತಕದಲ್ಲಿ ಕಂಡರೂ ಪತ್ರಿಕೆಯಲ್ಲಿ ಕಂಡರೂ ಅದಕ್ಕೆ ಅದೇ ಅರ್ಥ. ‘ಗೆಟ್’, ‘ಟೇಕ್’, ‘ಪುಟ್’, ‘ಸೆಟ್’, ‘ರನ್’ ಇವುಗಳ ವಿಷಯ ಹಾಗಲ್ಲ. ಶಾಲೆಯ ಮೊದಲ ವರ್ಷಗಳಲ್ಲೇ ಕಲಿತು ಮುಗಿಸಿದೆವೆಂದು ನಾವು ಅಂದುಕೊಳ್ಳುವ ಈ ಪದಗಳೇ, ಪದವಿ ಪಡೆದು ಕೆಲಸಕ್ಕೆ ಸೇರಿ ದಿನವೂ ಇಂಗ್ಲಿಷ್ ಇಮೇಲ್ ಬರೆಯುವವರನ್ನೂ ಎಡವಿಸುತ್ತವೆ. ಸ್ಪೋಕನ್ ಇಂಗ್ಲಿಷ್ ತರಗತಿಗೆ ಹೋಗುವವರಿಗೂ, ಮಕ್ಕಳ ಹೋಂವರ್ಕ್ ನೋಡುವ ತಂದೆತಾಯಿಗಳಿಗೂ, ಕಚೇರಿಯ ಸುತ್ತೋಲೆಯನ್ನು ಫೋನಿನ ಅನುವಾದಕ್ಕೆ ಕೊಟ್ಟು ಓದಿಕೊಳ್ಳುವವರಿಗೂ ಒಂದಲ್ಲ ಒಂದು ದಿನ ಏಳುವ ಪ್ರಶ್ನೆ ಇದು: ಒಂದು ಪುಟ್ಟ ಪದಕ್ಕೆ ಇಷ್ಟೊಂದು ಅರ್ಥಗಳು ಎಲ್ಲಿಂದ ಬಂದವು, ಮತ್ತು ಇವುಗಳಲ್ಲಿ ಯಾವುದು ಎಲ್ಲಿ ಸಲ್ಲುತ್ತದೆಂದು ತಿಳಿಯುವುದು ಹೇಗೆ?

‘ರನ್’ ಎಂಬ ಒಂದು ಪದಕ್ಕೆ ಒಂಬತ್ತು ತಿಂಗಳು

ಇಂಗ್ಲಿಷ್ ಪದಗಳ ಚರಿತ್ರೆಯನ್ನು ದಾಖಲಿಸುವ ಅತಿ ದೊಡ್ಡ ಕೋಶ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಅದರ ಮೊದಲ ಕಂತು 1884ರಲ್ಲಿ ಹೊರಬಂದು, ಕೊನೆಯ ಕಂತು 1928ರಲ್ಲಿ ಮುಗಿಯಿತು. 1989ರಲ್ಲಿ 20 ಸಂಪುಟಗಳಾಗಿ ಬಂದ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದವಾಗಿದ್ದ ನಮೂದು ‘ಸೆಟ್’. ಕ್ರಿಯಾಪದವಾಗಿ ಅದಕ್ಕೆ 430ಕ್ಕೂ ಹೆಚ್ಚು ಅರ್ಥಗಳನ್ನು ಕೊಡಲಾಗಿತ್ತು. ಆಮೇಲಿನ ಪರಿಷ್ಕರಣೆಯಲ್ಲಿ ಆ ಪಟ್ಟ ‘ಮೇಕ್’, ‘ಪುಟ್’ ಎಂಬ ಪದಗಳಿಗೆ ಸರದಿಯಂತೆ ಹೋಗಿ, 2011ರ ಹೊತ್ತಿಗೆ ‘ರನ್’ ಪಾಲಾಯಿತು. ಕೋಶದ ಸಂಪಾದಕರಲ್ಲೊಬ್ಬರಾದ ಪೀಟರ್ ಗಿಲಿವರ್ ಆ ಒಂದು ಪದದ ಪರಿಷ್ಕರಣೆಗೆ ಒಂಬತ್ತು ತಿಂಗಳು ತೆಗೆದುಕೊಂಡರು. ಕೊನೆಗೆ ಕ್ರಿಯಾಪದವೊಂದಕ್ಕೇ 645 ಅರ್ಥಗಳು ಸಿಕ್ಕವು.

645 ಎಂದರೆ ಯಾರೂ ಬಾಯಿಪಾಠ ಮಾಡಬೇಕಾದ ಪಟ್ಟಿಯಲ್ಲ. ಎಲ್ಲಿ ಒಂದು ಅರ್ಥ ಮುಗಿದು ಇನ್ನೊಂದು ಆರಂಭವಾಗುತ್ತದೆ ಎಂಬುದು ಕೋಶಕಾರನ ತೀರ್ಮಾನ. ಸೂಕ್ಷ್ಮವಾಗಿ ಸೀಳಿದರೆ ಸಂಖ್ಯೆ ಏರುತ್ತದೆ, ಒಟ್ಟುಗೂಡಿಸಿದರೆ ಇಳಿಯುತ್ತದೆ. ಆದರೂ ಹರವು ದೊಡ್ಡದೇ. ನೆಗಡಿಯಾದವನ ಮೂಗು ‘ರನ್’ ಆಗುತ್ತದೆ, ಒಗೆದ ಸೀರೆಯ ಬಣ್ಣ ‘ರನ್’ ಆಗುತ್ತದೆ, ಹೊಲದ ಅಂಚಿನಲ್ಲಿ ಬೇಲಿ ‘ರನ್’ ಆಗುತ್ತದೆ, ಅಂಗಡಿಯನ್ನು ಮಾಲೀಕ ‘ರನ್’ ಮಾಡುತ್ತಾನೆ, ಪತ್ರಿಕೆ ಒಂದು ಸುದ್ದಿಯನ್ನು ‘ರನ್’ ಮಾಡುತ್ತದೆ. ಕನ್ನಡದಲ್ಲಿ ಇವಕ್ಕೆ ಕ್ರಮವಾಗಿ ಸೋರು, ಬಿಡು, ಹಾದುಹೋಗು, ನಡೆಸು, ಪ್ರಕಟಿಸು ಎಂಬ ಬೇರೆಬೇರೆ ಪದಗಳು ಬೇಕು. ಹಾಗೆಂದು ನಮ್ಮ ‘ಓಡು’ ಕಾಲಿಗಷ್ಟೇ ಕಟ್ಟುಬಿದ್ದದ್ದೂ ಅಲ್ಲ: ಬಸ್ಸು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಗಣಿತದ ಮುಂದೆ ತಲೆ ಓಡುವುದಿಲ್ಲ. ಎರಡು ಭಾಷೆಗಳ ಪದಗಳು ಹೊರಟದ್ದು ಒಂದೇ ಜಾಗದಿಂದ, ಆದರೆ ಹಿಡಿದ ದಾರಿಗಳು ಬೇರೆ. ಚುನಾವಣೆಯ ಮಾತು ಬಂದರಂತೂ ಅಮೆರಿಕದವರು ‘ರನ್’ ಮಾಡುತ್ತಾರೆ, ಬ್ರಿಟನ್ನಿನವರು ‘ಸ್ಟ್ಯಾಂಡ್’ ಆಗುತ್ತಾರೆ. ನಾವು ಬ್ರಿಟನ್ನಿನವರಂತೆ ಚುನಾವಣೆಗೆ ನಿಲ್ಲುವವರು.

ಹೀಗೆ ಅರ್ಥಗಳು ಗುಡ್ಡೆಬೀಳುವುದು ಮನಬಂದಂತಲ್ಲ. ಹೆಚ್ಚು ಬಳಕೆಯಲ್ಲಿರುವ ಪದಕ್ಕೆ ಹೆಚ್ಚು ಅರ್ಥಗಳಿರುತ್ತವೆ ಎಂಬುದನ್ನು ಅಮೆರಿಕದ ವಿದ್ವಾಂಸ ಜಾರ್ಜ್ ಕಿಂಗ್ಸ್‌ಲಿ ಜಿಫ್ 1945ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮಾತಾಡುವವರು ಹೊಸ ಸಂಗತಿಯೊಂದನ್ನು ಹೇಳಬೇಕಾದಾಗ, ಹೊಸ ಪದ ಕಟ್ಟುವುದಕ್ಕಿಂತ ನಾಲಿಗೆಯ ತುದಿಯಲ್ಲಿರುವ ಪದವನ್ನೇ ತುಸು ಎಳೆದು ಬಳಸುತ್ತಾರೆ. ನಾಲಿಗೆಯ ತುದಿಯಲ್ಲಿರುವುದು ಸಾಮಾನ್ಯ ಪದ. ಆದ್ದರಿಂದ ಪ್ರತಿ ಸಲವೂ ಎಳೆತಕ್ಕೆ ಸಿಗುವುದು ಅದೇ.

ಒಂದು ಮರದ ಕೊಂಬೆಗಳೋ, ಎರಡು ಮರಗಳೋ

ಒಂದೇ ರೂಪದಲ್ಲಿ ಹಲವು ಅರ್ಥಗಳು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ, ಅವೆಲ್ಲ ಒಂದೇ ಮರದ ಕೊಂಬೆಗಳೇ, ಇಲ್ಲವೇ ಪಕ್ಕಪಕ್ಕದಲ್ಲಿ ಬೆಳೆದು ಎಲೆಗಳು ಬೆರೆತುಹೋದ ಎರಡು ಮರಗಳೇ ಎಂಬುದು. ಕನ್ನಡದ ‘ಹತ್ತು’ ಇದಕ್ಕೆ ಒಳ್ಳೆಯ ಉದಾಹರಣೆ. ಹತ್ತು ರೂಪಾಯಿಯ ‘ಹತ್ತು’ ಮತ್ತು ಮೆಟ್ಟಿಲು ಹತ್ತುವ ‘ಹತ್ತು’ ಇವುಗಳ ನಡುವೆ ಅರ್ಥದ ನಂಟಿಲ್ಲ. ಇವು ಎರಡು ಪದಗಳು, ರೂಪ ಮಾತ್ರ ಒಂದೇ. ಇಂಥವನ್ನು ಸಮರೂಪ ಪದಗಳೆನ್ನಬಹುದು. ಆದರೆ ಬಸ್ಸು ಹತ್ತುವುದು, ಬೆಂಕಿ ಹತ್ತುವುದು, ನಿದ್ದೆ ಹತ್ತುವುದು ಇವುಗಳ ಹಿಂದೆ ತಗಲು, ಅಂಟು, ಏರು ಎಂಬ ಒಂದೇ ಎಳೆ ಹರಿದಿದೆ. ಇದು ಒಂದು ಪದದ ನಾನಾರ್ಥ.

ಇಂಗ್ಲಿಷ್‌ನಲ್ಲಿ ಬೆಳಕು ಎಂಬ ಅರ್ಥದ ‘ಲೈಟ್’ ಮತ್ತು ಹಗುರ ಎಂಬ ಅರ್ಥದ ‘ಲೈಟ್’ ಹುಟ್ಟಿನಿಂದಲೇ ಬೇರೆ. ಕಾಲಾಂತರದಲ್ಲಿ ಉಚ್ಚಾರ ಸವೆದು ಒಂದಾದವು. ಕರಡಿ ಎಂಬ ‘ಬೇರ್’ ಮತ್ತು ಹೊರು ಎಂಬ ‘ಬೇರ್’ ಕೂಡ ಹಾಗೆಯೇ. ‘ಬ್ಯಾಂಕ್’ ತುಸು ಸೋಜಿಗದ ಸಂಗತಿ. ಹಣದ ಬ್ಯಾಂಕು ಇಟಲಿಯ ಹಣ ವಿನಿಮಯದವರ ಬೆಂಚಿನಿಂದ ಬಂದದ್ದು, ನದಿಯ ದಡವೆಂಬ ಬ್ಯಾಂಕು ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದದ್ದು. ಹಾಗಾಗಿ ಕೋಶಗಳು ಇವನ್ನು ಎರಡು ಪದಗಳೆಂದೇ ಎಣಿಸುತ್ತವೆ. ಇನ್ನೂ ಹಿಂದಕ್ಕೆ ಹೋದರೆ ಎರಡೂ ಒಂದೇ ಜರ್ಮಾನಿಕ್ ಮೂಲವನ್ನು ಮುಟ್ಟುತ್ತವೆ.

‘ಸೆಟ್’ನಲ್ಲಂತೂ ಕೊಂಬೆಗಳು ಹೆಣೆದುಕೊಂಡಿವೆ. ಇಡು, ಕೂರಿಸು ಎಂಬ ಅರ್ಥದ ಕ್ರಿಯಾಪದ ಹಳೆಯ ಇಂಗ್ಲಿಷ್‌ನದೇ ಆಸ್ತಿ. ಗುಂಪು, ಜೊತೆ ಎಂಬ ಅರ್ಥದ ನಾಮಪದ ಮಾತ್ರ ಲ್ಯಾಟಿನ್‌ನ ‘ಸೆಕ್ಟ’, ಅಂದರೆ ಅನುಯಾಯಿಗಳ ಪಂಥ ಎಂಬ ಪದದಿಂದ ಫ್ರೆಂಚ್ ಮೂಲಕ ಬಂದದ್ದು. ಮುಂದೆ ಇವೆರಡೂ ಒಂದರ ಮೇಲೊಂದು ಪ್ರಭಾವ ಬೀರಿದವು. ಪ್ರಶ್ನೆಪತ್ರಿಕೆ ಸೆಟ್ ಮಾಡುವ ಮೇಷ್ಟ್ರು ಹೋಟೆಲಿನಲ್ಲಿ ಸೆಟ್ ದೋಸೆ ತಿಂದರೆ, ಒಂದೇ ಬೆಳಗ್ಗೆ ಎರಡು ವಂಶದ ಪದಗಳನ್ನು ಬಳಸಿದಂತಾಯಿತು.

ಅಲುಗದ ‘ಫಾಸ್ಟ್’ ಓಡತೊಡಗಿದ್ದು ಹೇಗೆ

ನಾನಾರ್ಥ ಬೆಳೆಯುವ ಬಗೆಯನ್ನು ಹತ್ತಿರದಿಂದ ನೋಡಲು ‘ಫಾಸ್ಟ್’ಗಿಂತ ತಕ್ಕ ಪದವಿಲ್ಲ. ಇಂದು ಇದರ ಮೊದಲ ಅರ್ಥ ವೇಗ. ಆದರೆ ‘ಫಾಸ್ಟ್ ಅಸ್ಲೀಪ್’ ಎಂದರೆ ಬೇಗ ನಿದ್ದೆ ಮಾಡಿದ ಎಂದಲ್ಲ, ಗಾಢ ನಿದ್ದೆಯಲ್ಲಿದ್ದಾನೆ ಎಂದು. ‘ಹೋಲ್ಡ್ ಫಾಸ್ಟ್’ ಎಂದರೆ ಬೇಗ ಹಿಡಿ ಎಂದಲ್ಲ, ಬಿಗಿಯಾಗಿ ಹಿಡಿ ಎಂದು. ಬಟ್ಟೆಯ ಬಣ್ಣ ‘ಫಾಸ್ಟ್’ ಎಂದರೆ ಅದು ಓಡಿಹೋಗದು, ಬಟ್ಟೆಯಲ್ಲೇ ಕಚ್ಚಿಕೊಂಡಿರುತ್ತದೆ. ಇದಲ್ಲದೆ ಉಪವಾಸಕ್ಕೂ ‘ಫಾಸ್ಟ್’ ಎನ್ನುತ್ತಾರೆ. ರಾತ್ರಿಯ ಉಪವಾಸವನ್ನು ಮುರಿಯುವುದರಿಂದಲೇ ಬೆಳಗಿನ ತಿಂಡಿ ‘ಬ್ರೇಕ್‌ಫಾಸ್ಟ್’ ಆಯಿತು.

ಈ ಎಲ್ಲದರ ಬೇರು ಹಳೆಯ ಇಂಗ್ಲಿಷ್‌ನ ಒಂದು ಪದ. ಅದರ ಅರ್ಥ ಭದ್ರ, ಅಲುಗದ್ದು. ಅಲುಗದಂತೆ ಕಟ್ಟುವುದು ‘ಫಾಸನ್’ ಆಯಿತು, ಸೀಟ್‌ಬೆಲ್ಟಿನ ಪ್ರಕಟಣೆಯಲ್ಲಿ ನಾವು ಇಂದಿಗೂ ಕೇಳುವ ಪದ ಅದೇ. ವ್ರತವೊಂದನ್ನು ಕದಲದೆ ಪಾಲಿಸುವುದು ಉಪವಾಸ ಎಂಬ ಅರ್ಥಕ್ಕೆ ತಿರುಗಿತು. ಇನ್ನು ವೇಗದ ಅರ್ಥ ಬಂದದ್ದು ಕ್ರಿಯಾವಿಶೇಷಣದ ದಾರಿಯಲ್ಲಿ. ಭದ್ರವಾಗಿ ಹಿಡಿಯುವುದು, ಬಲವಾಗಿ ಹೊಡೆಯುವುದು, ಬಲಹಾಕಿ ಓಡುವುದು ಎಂದು ಬಳಕೆ ಒಂದೊಂದೇ ಹೆಜ್ಜೆ ಸರಿಯಿತು. ಬಲಹಾಕಿ ಓಡುವವನು ಬೇಗ ಓಡುವವನೂ ಹೌದಾದ್ದರಿಂದ ಬಲದ ಅರ್ಥ ಹಿಂದೆ ಸರಿದು ವೇಗದ ಅರ್ಥ ಮುಂದೆ ಬಂತು. ಇದು ವಿಚಿತ್ರವೆನಿಸಿದರೆ ‘ಜೋರು’ ಪದವನ್ನು ನೆನೆಯಬಹುದು. ಪಾರಸಿಯಲ್ಲಿ ಅದರ ಅರ್ಥ ಬಲ. ಆದರೆ ‘ಗಾಡಿ ಅಷ್ಟು ಜೋರಾಗಿ ಬಿಡಬೇಡ’ ಎಂದು ನಾವು ಹೇಳುವಾಗ ಬಲದ ಯೋಚನೆಯೇ ಇರುವುದಿಲ್ಲ, ಮಾತು ಪೂರ್ತಿ ವೇಗದ್ದು. ‘ಗಟ್ಟಿಯಾಗಿ ಹಿಡಿ’ ಎನ್ನುವಾಗಿನ ಗಟ್ಟಿತನವೇ ‘ಗಟ್ಟಿಯಾಗಿ ಮಾತಾಡು’ ಎನ್ನುವಲ್ಲಿ ದನಿಯ ಏರು ಆಗುವುದೂ ಇದೇ ಬಗೆಯ ಸರಿತ.

‘ರೈಟ್’ ಕೂಡ ಹೀಗೆ ನಡೆದು ಬಂದ ಪದ. ಮೊದಲು ಅದು ನೇರವಾದದ್ದು; ನೇರವಾದದ್ದು ಸರಿಯಾದದ್ದು; ನ್ಯಾಯವಾಗಿ ಸಲ್ಲಬೇಕಾದದ್ದು ಹಕ್ಕು; ಎರಡು ಕೈಗಳಲ್ಲಿ ‘ಸರಿಯಾದ’ ಕೈ ಬಲಗೈ. ಇಷ್ಟು ಅರ್ಥಗಳು ಇಂಗ್ಲೆಂಡಿನಲ್ಲೇ ಬೆಳೆದವು. ಇನ್ನೊಂದನ್ನು ನಮ್ಮ ಬಸ್ ಕಂಡಕ್ಟರುಗಳು ಸೇರಿಸಿದ್ದಾರೆ: ‘ರೈಟ್, ರೈಟ್’ ಎಂದರೆ ಬಸ್ಸು ಬಿಡು.

ಪ್ರತ್ಯಯಗಳು ಉದುರಿದ ಮೇಲೆ

ಎಲ್ಲ ಭಾಷೆಗಳಲ್ಲೂ ನಾನಾರ್ಥ ಇದೆ. ಇಂಗ್ಲಿಷ್‌ನಲ್ಲಿ ಅದು ಇಷ್ಟು ಹೆಚ್ಚಾಗಿ ಕಣ್ಣಿಗೆ ರಾಚಲು ವ್ಯಾಕರಣದ ಒಂದು ಕಾರಣವೂ ಸೇರಿದೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷ್‌ನಲ್ಲಿ ಪದಗಳ ಕೊನೆಗೆ ಪ್ರತ್ಯಯಗಳು ಧಾರಾಳವಾಗಿದ್ದವು. ಪ್ರೀತಿ ಎಂಬ ನಾಮಪದ ‘ಲುವು’, ಪ್ರೀತಿಸು ಎಂಬ ಕ್ರಿಯಾಪದ ‘ಲುವಿಯನ್’. ಪದದ ಬಾಲ ನೋಡಿ ಅದರ ಜಾತಿ ಹೇಳಬಹುದಿತ್ತು. ಮುಂದಿನ ಶತಮಾನಗಳಲ್ಲಿ ಕೊನೆಯ ಸ್ವರಗಳು ಮಂಕಾಗಿ ಉದುರಿಹೋದವು. ಎರಡೂ ‘ಲವ್’ ಆಗಿ ಉಳಿದವು.

ಇದರ ಪರಿಣಾಮವನ್ನು ಕನ್ನಡದ ಪಕ್ಕದಲ್ಲಿಟ್ಟು ನೋಡಿದರೆ ಸ್ಪಷ್ಟವಾಗುತ್ತದೆ. ನಾವು ‘ಪ್ರೀತಿ’ಗೆ ‘ಇಸು’ ಸೇರಿಸಿ ‘ಪ್ರೀತಿಸು’ ಮಾಡುತ್ತೇವೆ. ‘ನೀರು’ ಎಂಬುದನ್ನು ಕ್ರಿಯಾಪದವಾಗಿಸಲು ‘ಹಾಕು’, ‘ಹಾಯಿಸು’ ಎಂದೇನಾದರೂ ಜೊತೆಗೂಡಬೇಕು. ಇಂಗ್ಲಿಷ್‌ನವನಿಗೆ ಈ ತಾಪತ್ರಯವಿಲ್ಲ. ಗಿಡಗಳನ್ನು ‘ವಾಟರ್’ ಮಾಡುತ್ತಾನೆ, ಊಟದ ವಾಸನೆಗೆ ಅವನ ಬಾಯಿಯೂ ‘ವಾಟರ್’ ಆಗುತ್ತದೆ. ‘ಬುಕ್’ ಪುಸ್ತಕವೂ ಹೌದು, ಟಿಕೆಟು ಕಾದಿರಿಸುವುದೂ ಹೌದು. ಕಾದಿರಿಸಿದವರ ಹೆಸರನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದ ಕಾಲದ ಗುರುತು ಅದು. ಪ್ರತ್ಯಯದ ಬೇಲಿ ಬಿದ್ದುಹೋದದ್ದರಿಂದ ಪದಗಳು ನಾಮಪದದ ಹೊಲದಿಂದ ಕ್ರಿಯಾಪದದ ಹೊಲಕ್ಕೆ ಸಲೀಸಾಗಿ ನುಗ್ಗುತ್ತವೆ. ನುಗ್ಗಿದಲ್ಲೆಲ್ಲ ಹೊಸ ಅರ್ಥಗಳು ಹುಟ್ಟುತ್ತವೆ.

‘ಅಪ್’, ‘ಆಫ್’, ‘ಔಟ್’ ಮಾಡುವ ಕೆಲಸ

ಕನ್ನಡಿಗರಿಗೆ ಹೆಚ್ಚು ತೊಡಕು ಕೊಡುವುದು ಬಹುಶಃ ಈ ಭಾಗ. ‘ಪುಟ್’ ಎಂದರೆ ಇಡು. ‘ಪುಟ್ ಆಫ್’ ಎಂದರೆ ಮುಂದೂಡು, ‘ಪುಟ್ ಔಟ್’ ಎಂದರೆ ಬೆಂಕಿ ಆರಿಸು, ‘ಪುಟ್ ಆನ್’ ಎಂದರೆ ತೊಟ್ಟುಕೊ, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ಮೊದಲ ಪದದ ಅರ್ಥ ಗೊತ್ತು, ಎರಡನೆಯದರದ್ದೂ ಗೊತ್ತು. ಎರಡನ್ನು ಕೂಡಿಸಿದರೆ ಬರುವ ಮೊತ್ತ ಗೊತ್ತಿಲ್ಲ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳ ಮಾತು ಫ್ರೆಂಚ್ ಆಯಿತು, ವಿದ್ವತ್ತಿನ ಮಾತು ಲ್ಯಾಟಿನ್ ಆಗಿಯೇ ಉಳಿಯಿತು. ಆ ಎರಡು ಭಾಷೆಗಳಿಂದ ಇಂಗ್ಲಿಷ್‌ಗೆ ಮುಂದಿನ ಶತಮಾನಗಳಲ್ಲಿ ಸಾವಿರಾರು ಪದಗಳು ಬಂದವು. ಹೀಗಾಗಿ ಒಂದೇ ಸಂಗತಿಗೆ ಎರಡು ಸ್ತರದ ಪದಗಳು ಉಳಿದುಕೊಂಡಿವೆ: ಬರಹಕ್ಕೆ ‘ಪೋಸ್ಟ್‌ಪೋನ್’, ‘ಎಕ್ಸ್‌ಟಿಂಗ್ವಿಶ್’, ‘ಟಾಲರೇಟ್’, ಮನೆಮಾತಿಗೆ ‘ಪುಟ್ ಆಫ್’, ‘ಪುಟ್ ಔಟ್’, ‘ಪುಟ್ ಅಪ್ ವಿತ್’. ನಾವು ಇಂಗ್ಲಿಷನ್ನು ಪುಸ್ತಕದಿಂದ ಕಲಿತವರಾದ್ದರಿಂದ ಮೊದಲಿನ ಸಾಲು ನಮಗೆ ಸಲೀಸು, ಲಂಡನ್ನಿನ ತರಕಾರಿ ಅಂಗಡಿಯವನಿಗೆ ಎರಡನೆಯದು ಸಲೀಸು. ಪರದೇಶಕ್ಕೆ ಹೋದ ನಮ್ಮ ಎಂಜಿನಿಯರುಗಳು ಸಭೆಯ ನಡಾವಳಿಯನ್ನು ಚೆನ್ನಾಗಿ ಬರೆದು, ಅದೇ ಸಭೆಯ ಚಹಾ ವಿರಾಮದ ಹರಟೆಯಲ್ಲಿ ತಬ್ಬಿಬ್ಬಾಗುವುದಕ್ಕೆ ಇದೊಂದು ಕಾರಣ.

ಕನ್ನಡವೂ ಇದಕ್ಕೆ ಸಮನಾದ ಉಪಾಯವನ್ನು ಬೇರೆ ರೀತಿಯಲ್ಲಿ ಬಳಸುತ್ತದೆ. ‘ಹೇಳು’ ಎಂಬುದರ ಬೆನ್ನಿಗೆ ಇನ್ನೊಂದು ಕ್ರಿಯಾಪದ ಹತ್ತಿದಾಗ ‘ಹೇಳಿಕೊಡು’ ಎಂದರೆ ಕಲಿಸು, ‘ಹೇಳಿಕೊ’ ಎಂದರೆ ದುಃಖ ತೋಡಿಕೊ, ‘ಹೇಳಿಬಿಡು’ ಎಂದರೆ ಮುಚ್ಚಿಡದೆ ಹೇಳು. ಇವನ್ನು ಯಾವ ಕನ್ನಡಿಗನೂ ‘ಹೇಳು’ ಮತ್ತು ‘ಕೊಡು’ ಎಂದು ಬಿಡಿಸಿ ಕಲಿತಿಲ್ಲ, ಇಡಿಯಾಗಿ ಕೇಳಿ ಕಲಿತದ್ದು. ‘ಪುಟ್ ಆಫ್’ ಕೂಡ ಹಾಗೆ ಇಡಿಯಾಗಿ ಎತ್ತಿಕೊಳ್ಳಬೇಕಾದ ಒಂದು ಪದ. ನಡುವೆ ಒಂದು ಖಾಲಿ ಜಾಗ ಇದೆ, ಅಷ್ಟೇ.

ಒಂದೇ ಪದ, ಎದುರುಬದುರು ಅರ್ಥ

ಕೆಲವು ಪದಗಳು ತಮ್ಮ ವಿರುದ್ಧಾರ್ಥವನ್ನು ತಾವೇ ಹೊತ್ತಿರುತ್ತವೆ. ಸಾಲ ‘ಸ್ಯಾಂಕ್ಷನ್’ ಆಯಿತು ಎಂದರೆ ಮಂಜೂರಾಯಿತು. ಒಂದು ದೇಶದ ಮೇಲೆ ‘ಸ್ಯಾಂಕ್ಷನ್’ ಹೇರಿದರು ಎಂದರೆ ನಿರ್ಬಂಧ ಹಾಕಿದರು. ಲ್ಯಾಟಿನ್ ಮೂಲದಲ್ಲಿ ಅದು ಕಾನೂನಿನ ಮುದ್ರೆ ಒತ್ತುವುದು. ಕಾನೂನು ಒಪ್ಪಿಗೆಯನ್ನೂ ಕೊಡುತ್ತದೆ, ಮೀರಿದರೆ ಶಿಕ್ಷೆಯನ್ನೂ ಕೊಡುತ್ತದೆ. ಎರಡು ಅರ್ಥಗಳು ಅದರ ಎರಡು ಮುಖಗಳು.

‘ಟೇಬಲ್’ ಪದ ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ಜಗಳವನ್ನೇ ಹುಟ್ಟಿಸಿತು. ಬ್ರಿಟನ್ನಿನಲ್ಲಿ ವಿಷಯವೊಂದನ್ನು ‘ಟೇಬಲ್’ ಮಾಡುವುದೆಂದರೆ ಚರ್ಚೆಗೆ ಮಂಡಿಸುವುದು, ಅಮೆರಿಕದಲ್ಲಿ ಬದಿಗಿಡುವುದು. ಬ್ರಿಟಿಷ್ ಅಧಿಕಾರಿಗಳು ಒಂದು ಕಾಗದವನ್ನು ತುರ್ತಾಗಿ ‘ಟೇಬಲ್’ ಮಾಡಬೇಕೆಂದರೆ ಅಮೆರಿಕದವರು ಕೂಡದೆಂದರು; ದೀರ್ಘ ವಾಗ್ವಾದದ ಬಳಿಕ ಇಬ್ಬರ ಬಯಕೆಯೂ ಒಂದೇ ಎಂದು ತಿಳಿಯಿತು ಎಂಬುದನ್ನು ವಿನ್‌ಸ್ಟನ್ ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ನಮ್ಮ ಶಾಸನಸಭೆಗಳಲ್ಲಿ ನಡೆಯುವುದು ಬ್ರಿಟಿಷ್ ಅರ್ಥವೇ. ಅಮೆರಿಕದ ಕಂಪನಿಯೊಂದಿಗೆ ಕೆಲಸ ಮಾಡುವ ಬೆಂಗಳೂರಿನವರು ಈ ಪದವನ್ನು ಇಮೇಲಿನಲ್ಲಿ ಬಳಸದಿರುವುದೇ ಕ್ಷೇಮ.

ಅರ್ಥ ತೀರ್ಮಾನವಾಗುವುದು ನೆರೆಯವರಿಂದ

ಇಷ್ಟು ಗೋಜಲಿದ್ದರೂ ಇಂಗ್ಲಿಷ್ ಮಾತಾಡುವವರು ದಿನವಿಡೀ ಗೊಂದಲದಲ್ಲಿ ಬಿದ್ದಿರುವುದಿಲ್ಲ. ಸುತ್ತಲಿನ ಪದಗಳು ಮತ್ತು ಸಂದರ್ಭ ಒಂದು ಅರ್ಥವನ್ನು ಉಳಿಸಿ ಮಿಕ್ಕವನ್ನು ಅಳಿಸಿಬಿಡುತ್ತವೆ. ಇದನ್ನು ನಮ್ಮ ಶಾಸ್ತ್ರಕಾರರು ಬಹು ಹಿಂದೆಯೇ ವಿಂಗಡಿಸಿದ್ದರು. ‘ಸೈಂಧವವನ್ನು ತಾ’ ಎಂಬುದು ಅವರ ಹೆಸರಾಂತ ಉದಾಹರಣೆ: ಸಿಂಧೂ ಪ್ರದೇಶದ ಉಪ್ಪೂ ಸೈಂಧವ, ಅಲ್ಲಿನ ಕುದುರೆಯೂ ಸೈಂಧವ, ಊಟಕ್ಕೆ ಕುಳಿತವನು ಹೇಳಿದರೆ ಉಪ್ಪು ತರಬೇಕು, ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆ. ಐದನೆಯ ಶತಮಾನದ ಸುಮಾರಿನ ವೈಯಾಕರಣ ಭರ್ತೃಹರಿ ಅರ್ಥವನ್ನು ಗೊತ್ತುಮಾಡುವ ಸಂಯೋಗ, ಸಾಹಚರ್ಯ, ವಿರೋಧ, ಪ್ರಕರಣ ಮೊದಲಾದ ಕಾರಣಗಳ ಪಟ್ಟಿಯನ್ನೇ ಕೊಟ್ಟ. ರಾಮ ಎಂದರೆ ಪರಶುರಾಮನೂ ಆಗಬಹುದು, ಬಲರಾಮನೂ ಆಗಬಹುದು; ಪಕ್ಕದಲ್ಲಿ ಲಕ್ಷ್ಮಣನಿದ್ದರೆ ಅವನು ದಶರಥನ ಮಗನೇ. ಎದುರಿಗೆ ಕಾರ್ತವೀರ್ಯಾರ್ಜುನ ನಿಂತಿದ್ದರೆ ಪರಶುರಾಮ.

ಯಂತ್ರಕ್ಕೆ ಈ ವಿವೇಕ ಕಲಿಸುವುದು ಬಹುಕಾಲ ಕಷ್ಟವಾಗಿತ್ತು. 1949ರಲ್ಲಿ ಯಂತ್ರಾನುವಾದದ ಯೋಚನೆಯನ್ನು ಮುಂದಿಟ್ಟ ವಾರೆನ್ ವೀವರ್ ತಮ್ಮ ಟಿಪ್ಪಣಿಯಲ್ಲಿ ಎತ್ತಿಕೊಂಡ ಪದ ಮೇಲೆ ಕಂಡ ‘ಫಾಸ್ಟ್’ ಆಗಿತ್ತು. ಒಂದೇ ಪದ ಕಾಣುವಷ್ಟು ಕಿಂಡಿಯಿರುವ ಹಾಳೆಯ ಮೂಲಕ ಪುಟವನ್ನು ನೋಡಿದರೆ ‘ಫಾಸ್ಟ್’ ಎಂಬುದು ವೇಗವೋ ನಿಶ್ಚಲತೆಯೋ ಎಂದು ಹೇಳಲಾಗದು. ಕಿಂಡಿಯನ್ನು ಎರಡೂ ಬದಿಗೆ ಅಗಲಿಸಿ ಕೆಲವು ಪದಗಳು ಕಾಣುವಂತೆ ಮಾಡಿದರೆ ಹೇಳಬಹುದು ಎಂಬುದು ಅವರ ವಾದ. 1960ರಲ್ಲಿ ಯಂತ್ರಾನುವಾದದ ಸಂಶೋಧಕ ಯೆಹೋಶುವ ಬಾರ್-ಹಿಲೆಲ್ ಇದಕ್ಕೆ ಕಠಿಣ ಸವಾಲೊಂದನ್ನು ಒಡ್ಡಿದರು. ಮಗುವೊಂದು ಆಟಿಕೆಗಳ ಪೆಟ್ಟಿಗೆಯನ್ನು ಹುಡುಕುತ್ತಿತ್ತು, ಪೆಟ್ಟಿಗೆ ‘ಪೆನ್’ನಲ್ಲಿ ಸಿಕ್ಕಿತು ಎಂಬ ವಾಕ್ಯ ಅದು. ‘ಪೆನ್’ಗೆ ಮಕ್ಕಳನ್ನು ಆಡಲು ಬಿಡುವ ಪುಟ್ಟ ಆವರಣ ಎಂಬ ಅರ್ಥವೂ ಇದೆ. ಬರೆಯುವ ಪೆನ್ನಿನೊಳಗೆ ಪೆಟ್ಟಿಗೆ ಹಿಡಿಸದು ಎಂಬ ಲೋಕಜ್ಞಾನವಿಲ್ಲದೆ ಸುತ್ತಲಿನ ಪದಗಳನ್ನು ಎಷ್ಟು ನೋಡಿದರೂ ಯಂತ್ರಕ್ಕೆ ಇದು ಹೊಳೆಯದು ಎಂದರು.

ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನ ವಿಧಾನ ವಾಕ್ಯವನ್ನು ತುಂಡುತುಂಡಾಗಿ ಬದಲಿಸುತ್ತಿತ್ತು. 2017ರಲ್ಲಿ ಕನ್ನಡಕ್ಕೂ ಬಂದ, ಮಿದುಳಿನ ನರಜಾಲದ ಮಾದರಿಯ ‘ನ್ಯೂರಲ್’ ವಿಧಾನ ಇಡೀ ವಾಕ್ಯವನ್ನು ಒಟ್ಟಿಗೆ ಗಣಿಸುತ್ತದೆ. ವೀವರ್ ಹೇಳಿದ ಕಿಂಡಿ ಅಗಲವಾದದ್ದು ಹಾಗೆ. ಆದ್ದರಿಂದಲೇ ಉದ್ದ ವಾಕ್ಯದಲ್ಲಿ ಸರಿಯಾಗಿ ಬರುವ ಪದವೇ ಆ್ಯಪ್‌ನ ಗುಂಡಿಯೊಂದರ ಮೇಲೆ ಒಂಟಿಯಾಗಿ ಕುಳಿತಾಗ ಎಡವಟ್ಟಾಗುತ್ತದೆ. ‘ಹೋಮ್’ ಎಂಬುದು ‘ಮನೆ’ ಆಗುವುದು, ಟಿಕೆಟಿನ ‘ಬುಕ್’ ಪುಸ್ತಕವಾಗುವುದು ಯಂತ್ರದ ದಡ್ಡತನಕ್ಕಿಂತ ಹೆಚ್ಚಾಗಿ ಆ ಪದಕ್ಕೆ ನೆರೆಹೊರೆಯಿಲ್ಲದ್ದರಿಂದ.

ಕೋಶವನ್ನು ತೆರೆದಾಗ

ಯಾವ ಕೋಶ ಎಂಬುದರ ಮೇಲೆ ಅರ್ಥಗಳ ಸಾಲು ಬದಲಾಗುತ್ತದೆ. ಆಕ್ಸ್‌ಫರ್ಡ್‌ನ ದೊಡ್ಡ ಕೋಶ ಚರಿತ್ರೆಯ ಕ್ರಮವನ್ನು ಅನುಸರಿಸುತ್ತದೆ. ಅಲ್ಲಿ ಮೊದಲು ಕಾಣುವ ಅರ್ಥ ಹಳೆಯದು, ಕೆಲವೊಮ್ಮೆ ಸತ್ತದ್ದು. ಕಲಿಯುವವರ ಕೋಶಗಳು ಬಳಕೆಯನ್ನು ನೋಡುತ್ತವೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 1987ರಲ್ಲಿ ಬಂದ ಕೋಬಿಲ್ಡ್ ಕೋಶಕ್ಕಾಗಿ ಲಕ್ಷಗಟ್ಟಲೆ ಪದಗಳ ನಿಜವಾದ ಬರಹ ಮತ್ತು ಮಾತನ್ನು ಕಂಪ್ಯೂಟರಿಗೆ ತುಂಬಿ ಪರೀಕ್ಷಿಸಲಾಯಿತು. ‘ಟೇಕ್’ನಂಥ ಪದಗಳಲ್ಲಿ ತೆಗೆದುಕೊಳ್ಳು ಎಂಬ, ಎಲ್ಲರೂ ಮೊದಲು ಹೇಳುವ ಅರ್ಥಕ್ಕಿಂತ, ಪಕ್ಕದ ನಾಮಪದಕ್ಕೆ ಆಸರೆಯಾಗಿ ನಿಲ್ಲುವ ಬಳಕೆಯೇ ಮೇಲುಗೈ ಎಂದು ಸಿಂಕ್ಲೇರ್ ಗಮನಿಸಿದರು: ‘ಟೇಕ್ ಎ ಲುಕ್’, ‘ಟೇಕ್ ಎ ವಾಕ್’, ‘ಟೇಕ್ ಎ ಬಾತ್’. ಇಲ್ಲಿ ಹೊರೆಯೆಲ್ಲ ನಾಮಪದದ ಮೇಲೆ. ಸ್ನಾನ ಮಾಡು, ನಿದ್ದೆ ಮಾಡು, ಫೋನ್ ಮಾಡು ಎನ್ನುವಾಗ ನಮ್ಮ ‘ಮಾಡು’ ಸಲ್ಲಿಸುವ ಸೇವೆಯೂ ಇದೇ.

ಆದ್ದರಿಂದ ಇಂಥ ಪದದ ನಮೂದನ್ನು ಓದುವಾಗ ಅರ್ಥದ ಸಾಲಿಗಿಂತ ಉದಾಹರಣೆಯ ವಾಕ್ಯಕ್ಕೆ ಮೊದಲು ಕಣ್ಣು ಹಾಯಿಸುವುದು ಲೇಸು. ನಮ್ಮ ಕೈಯಲ್ಲಿರುವ ವಾಕ್ಯದಲ್ಲಿ ‘ಟೇಕ್’ ಪಕ್ಕ ‘ಬಸ್’ ಇದೆಯೇ, ‘ಟ್ಯಾಬ್ಲೆಟ್’ ಇದೆಯೇ, ‘ಆಫ್’ ಇದೆಯೇ ಎಂದು ನೋಡಿ, ಕೋಶದಲ್ಲೂ ಅದೇ ಜೋಡಿಯನ್ನು ಹುಡುಕಿದರೆ, ಬಸ್ಸು ಹಿಡಿಯುವುದೋ ಮಾತ್ರೆ ನುಂಗುವುದೋ ವಿಮಾನ ಮೇಲೇರುವುದೋ ಎಂಬುದು ಇಡೀ ನಮೂದನ್ನು ಓದದೆಯೂ ಸಿಗುತ್ತದೆ.